ಪೇರಲ ಮರದ ಅಳತೆ

ಶಾಲೆಯ ಹಿಂದಿನ ಪೇರಲ ಮರ ನೋಡಿದರೆ
ಏಳನೆಯ ತರಗತಿಯವರ ಎತ್ತರ ಹೇಳಬಹುದು.
ಅಲ್ಲಿಯವರೆಗೆ ಮರ ಬೋಳು.
ಮೇಲೆ ಎಲೆ, ಹೂ, ಹಕ್ಕಿ ಕಚ್ಚಿದ ಕಾಯಿ.
ಆಡು ಮೇದದ್ದಲ್ಲ.
‘ಹೋಗು, ನಿನ್ನದನ್ನು ನೀನೇ ಮುರಿದುಕೊಂಡು ಬಾ’
ಎಂದು ನಾವು ಕಳಿಸಿದವರು ಮೇದದ್ದು.

ನಾನೂ ಇದೇ ಮರದ ಹಳೆಯ ವಿದ್ಯಾರ್ಥಿನಿ.
ತೀರ ಸಣ್ಣದು ತಂದರೆ
ದಪ್ಪನೆಯದನ್ನು ತರಲು ಬೇರೆಯವರು ಹೋಗುತ್ತಾರೆ.
ಒಣಗಿದ್ದು ಮುರಿಯುತ್ತದೆ, ಎಣಿಕೆ ಮತ್ತೆ ಒಂದರಿಂದ.
ಹಸಿಯದು ಬಳುಕುತ್ತದೆ,
ಬಳುಕಿದ್ದು ಸುತ್ತಿಕೊಳ್ಳುತ್ತದೆ.
ಮಗ್ಗಿಯಲ್ಲಿ ಹಿಂದಿದ್ದ ನಾನು
ಇಷ್ಟನ್ನು ಯಾರೂ ಹೇಳಿಕೊಡದೆ ಕಲಿತೆ.

ಸರೋವರ ಇಲ್ಲಿಂದ ಕೂಗಳತೆ.
ನೀರಾನೆಗೂ ಚಾವಟಿಗೂ ಸ್ವಾಹಿಲಿಯಲ್ಲಿ ಒಂದೇ ಹೆಸರು,
ಕಿಬೊಕೊ.
ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದನೆಯ ತರಗತಿಗೆ,
ಕಿಬೊಕೊ ಚಿತ್ರ ಬರೆಯಿರಿ ಎಂದೆ.
ಹದಿನಾರು ಮಂದಿ ದುಂಡು ಹೊಟ್ಟೆ, ಪುಟ್ಟ ಕಿವಿ ಬರೆದರು.
ಇಪ್ಪತ್ತೇಳು ಮಂದಿ ಒಂದು ಗೆರೆ.
ಬರೀ ಗೆರೆ.
ಒಬ್ಬಳು ಗೆರೆಯ ತುದಿಗೆ ಕೈ ಬರೆದು
ಆ ಕೈಗೆ ಬಳೆ ತೊಡಿಸಿದ್ದಳು.
ಎಲ್ಲಕ್ಕೂ ಸರಿ ಗುರುತು ಹಾಕಿದೆ.
ತಪ್ಪೆಂದು ಹೇಗೆ ಹೇಳಲಿ?

ಕಾನೂನು ಬಂದು ಬಹಳ ವರ್ಷವಾಯಿತು.
ಹೆಡ್‌ಮಾಸ್ಟರ್ ಒಬುರಾ ಅವರ ಕೋಣೆಯಲ್ಲಿ ಆ ಕಾಗದ ಇದೆ,
ಗಾಜು ಹಾಕಿಸಿದ್ದಾರೆ. ಚೌಕಟ್ಟು ಸೊಟ್ಟಗೆ ನಿಂತಿದೆ,
ಅವರು ತಮ್ಮದನ್ನು ಅದರ ಹಿಂದೆ ಇಡುತ್ತಾರೆ.
‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’
ಕೇಳುತ್ತಾರೆ, ಚಹಾ ಊದುತ್ತಾ.

ಒಡೆರೊ ಬಂದದ್ದು ಬುಧವಾರ, ಮತ್ತೆ ತಡವಾಗಿ.
ಅಂಗಿಯ ತುಂಬ ಒಮೆನಾ ಮೀನಿನ ಬೆಳ್ಳಿಪುಡಿ,
ಕತ್ತಲಿರುವಾಗಲೇ ದಡದಲ್ಲಿ ಬಲೆ ಕೊಡವಿ ಬಂದವನು.
ಹೋಗು ಎಂದೆ.
ಎಷ್ಟು ಹೊತ್ತಾದರೂ ಬರಲಿಲ್ಲ.
ಕಿಟಕಿಯಿಂದ ಕಂಡ,
ಕಲ್ಲು ಹತ್ತಿ, ತುದಿಗಾಲಲ್ಲಿ,
ಸಂತೆಯಲ್ಲಿ ಟೊಮೆಟೊ ಒತ್ತಿ ನೋಡುವ ಹೆಂಗಸಿನ ಹಾಗೆ
ಒಂದೊಂದನ್ನೂ ಬಗ್ಗಿಸಿ ನೋಡುತ್ತಿದ್ದ.

ಎರಡು ತಂದ.
ಗಂಟು ಹೆರೆದು, ಸಿಪ್ಪೆ ಸುಲಿದು, ನುಣ್ಣಗೆ.
ಒಂದನ್ನು ಮೇಜಿನ ಮೇಲಿಟ್ಟ,
ಇನ್ನೊಂದು ಕಂಕುಳಲ್ಲಿ.
ಅದು ಯಾರಿಗೋ?
‘ಅವೂರ್‌ಗೆ, ಟೀಚರ್. ನನ್ನ ತಂಗಿ, ಎರಡನೇ ಕ್ಲಾಸು.
ಅವಳೂ ತಡ. ಅವಳಿಗೆ ಆರಿಸೋಕೆ ಬರಲ್ಲ,
ಗಂಟಿರೋದನ್ನೇ ತರ್ತಾಳೆ, ಪೆದ್ದಿ.
ಮನೇಲೂ ನಾನೇ ತಂದು ಕೊಡೋದು.’

ಇಲ್ಲಿಗೇ ನಿಲ್ಲಿಸಿದರೆ
ನನ್ನ ಕೈ ನಡುಗಿತೆಂದುಕೊಳ್ಳುತ್ತೀರಿ.
ಇಡೀ ತರಗತಿ ನೋಡುತ್ತಿತ್ತು.
ಹೊಡೆದೆ. ಎರಡೇ ಎರಡು.
ಎರಡಕ್ಕೆ ಆ ‘ಏ’ ಹಚ್ಚುವ ವ್ಯಾಕರಣ
ನನಗೆ ಎಲ್ಲಿ ಅಂಟಿತು?
ಥ್ಯಾಂಕ್ಯೂ ಟೀಚರ್, ಎಂದ.
ಅದನ್ನೂ ನಾವೇ ಕಲಿಸಿದ್ದು.

ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು
ಎರಡನೇ ಕ್ಲಾಸಿನ ಕಡೆ ಓಡಿದ,
ಗಂಟಿನ ಕೋಲಿಗಿಂತ ಮೊದಲು ಮುಟ್ಟಬೇಕಲ್ಲ.
ಆಗ ಓಡಿದೆ ನಾನು. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ.
ಅಂಗಳದ ನಡುವೆ ಹಿಡಿದು ಕಂಕುಳಿಂದ ಕಿತ್ತುಕೊಂಡೆ.
ಅವನ ಮುಖ ಬಿಳಿಚಿತು.
ಆಗಲೂ ಕೇಳಿದ್ದು ಇಷ್ಟೇ,
‘ಚೆನ್ನಾಗಿಲ್ವಾ, ಟೀಚರ್?’

ಈಗ ಆಗಸ್ಟ್ ರಜೆ. ಶಾಲೆಗೆ ಬೀಗ.
ಹಾಜರಿ ಪುಸ್ತಕ ತರಲು ಬಂದವಳು ಹಿಂದಕ್ಕೆ ಹೋದೆ.
ಬೋಳು ಕಾಂಡದಲ್ಲಿ, ನನ್ನ ಮೊಣಕೈ ಮಟ್ಟಕ್ಕೆ,
ಗೇಣುದ್ದ ಹೊಸ ಟಿಸಿಲು,
ತುದಿಯಲ್ಲಿ ಎಳೆಗೆಂಪು ಎಲೆ ಎರಡು.
ತುಂಬಾ ಹೊತ್ತು ನಿಂತೆ.
ಬೀಗದ ಕೈ ಹುಡುಕುತ್ತ ವಾಪಸು ಹೊರಡುವಾಗ
ತಿಳಿಯಿತು, ನನ್ನ ಬೆರಳು
ಆಗಲೇ ಅದನ್ನು
ಬಗ್ಗಿಸಿ ನೋಡಿತ್ತು.